ಲಾಕಪ್ಪಿನಲ್ಲಿ ಕಟ್ಟಿದ ಗೂಡು

ಪೊಲೀಸ್ ಠಾಣೆಗೆ ಜನ ಯಾಕೆ ಬರುತ್ತಾರೆ ಅಂತ ಯಾರಾದರೂ ಕೇಳಿದರೆ, ಇಪ್ಪತ್ತು ಚಿಲ್ಲರೆ ವರ್ಷ ಖಾಕಿ ತೊಟ್ಟ ನಾನು ಈಗಲೂ ತಲೆ ಕೆರೆದುಕೊಳ್ಳುತ್ತೇನೆ. ಕಳ್ಳತನ, ಹೊಡೆದಾಟ ಅಂತ ಬರುವವರ ಕಥೆ ಬಿಡಿ, ಅವರಲ್ಲಿ ವಿಶೇಷವಿಲ್ಲ. ನನಗೆ ಕುತೂಹಲ ಉಳಿದವರ ಮೇಲೆಯೇ.

೧. ಊಟದ ಬಂದೋಬಸ್ತು

ಯಳಂದೂರಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದೆ. ಹೊನ್ನೂರಿನ ರೈತರೊಬ್ಬರು ಬಂದು, ಮಗಳ ಮದುವೆಗೆ ಒಬ್ಬ ಪೊಲೀಸ್ ಬೇಕು ಅಂದರು.

"ಗಲಾಟೆ ಆಗೋ ಹಾಗಿದೆಯೇನ್ರಿ?" ಸಬ್‌ಇನ್‌ಸ್ಪೆಕ್ಟರು ಕೇಳಿದರು.

"ಅದೇನಿಲ್ಲ ಸಾ. ಗಂಡಿನ ಸೋದರಮಾವ ಒಬ್ರವ್ರೆ, ಉಣ್ಣಕ್ ಕುಂತಾಗ ಮುನಿಸ್ಕತರೆ. ಶಾಸ್ತ್ರದ್ ದಿನ ಹಪ್ಪಳ ಮುರ್ದದೆ ಅಂತ ಎದ್ದೋದ್ರು. ಅವ್ರ್ ಇಂದಿಂದೆ ಇಡೀ ಪಂಕ್ತಿನೇ ಎದ್ದೋಯ್ತು. ಪಂಕ್ತಿ ತಲೇಲಿ ಟೋಪಿ ಆಕ್ಕಂಡು ಒಬ್ರು ನಿಂತ್ಕಂಡ್ರೆ ಸಾಕು."

ಸಾಹೇಬರು ನಕ್ಕು ನನ್ನನ್ನೇ ಕಳಿಸಿದರು. ಸೋದರಮಾವ ಸರಿಯಾಗಿ ನನ್ನ ಎದುರಿಗೇ ಕೂತರು. ಪಲ್ಯಕ್ಕೆ ಉಪ್ಪು ಬಿದ್ದಿರಲಿಲ್ಲವಂತೆ, ಉಸಿರೆತ್ತಲಿಲ್ಲ. ಮುರಿದ ಹಪ್ಪಳವನ್ನು ಎಲೆಯ ಮೇಲೆ ಜೋಡಿಸಿಕೊಂಡು ತಿಂದರು. ಆ ಪಂಕ್ತಿಯಲ್ಲಿ ಒಬ್ಬರೂ ಎಲೆಯಲ್ಲಿ ಕರಿಬೇವು ಕೂಡ ಬಿಡಲಿಲ್ಲ. ನನಗೇ ಅಯ್ಯೋ ಅನ್ನಿಸಿತು.

ಕೈ ತೊಳೆದ ಮೇಲೆ ಸೋದರಮಾವ ಮೆಲ್ಲಗೆ ನನ್ನ ಹತ್ತಿರ ಬಂದರು. "ಸಾ, ಪಾಯ್ಸ ಬೋ ಚೆನ್ನಾಗಿತ್ತು. ಇನ್ನೊಂದ್ ಸೌಟು ಕೇಳಿದ್ರೆ ಕೇಸಾಯ್ತಿತ್ತಾ?"

೨. ಬೆಂಚಿನ ಮೇಲೆ ಅರ್ಧ ಗಂಟೆ

ಹನೂರಿಗೆ ವರ್ಗವಾದಾಗ ಇನ್ನೊಂದು ವಿಚಿತ್ರ. ಅಜ್ಜೀಪುರದ ಯಜಮಾನರೊಬ್ಬರು ಪ್ರತಿ ಸೋಮವಾರ ಬಸ್ಸಿಳಿದು ಬಂದು ಠಾಣೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರುವರು. ಒಂದು ಲೋಟ ನೀರು ಕುಡಿದು ಹೋಗುವರು. ಏನು ಅಂದರೆ, "ಏನಿಲ್ಲ ಸಾ, ಸುಮ್ಗೆ" ಅನ್ನುವರು.

ತಿಂಗಳಾದ ಮೇಲೆ ನನಗೆ ತಡೆಯಲಾಗಲಿಲ್ಲ. ಪಕ್ಕ ಕೂತು ಕೇಳಿದೆ.

"ಪಕ್ಕದ್ ಒಲದವನ್ ದನ ನನ್ ರಾಗಿಗೆ ನುಗ್ತಿದ್ದೊ ಸಾ. ಒಂದಿನ ಬಿಸ್ಲು ಅಂತ ಇಲ್ ಬಂದು ಕುಂತಿದ್ದೆ. ಅವ್ನು ಬಸ್ಸಿಂದ ನೋಡ್ಬುಟ್ಟ. ಅವತ್ತಿಂದ ದನ ಕಟ್ಟಾಕವ್ನೆ. ಇನ್ ಕಂಪ್ಲೇಂಟ್ ಯಾಕೆ, ಕುಂತ್ರೆ ಸಾಕಲ್ವಾ?"

ಎರಡು ವಾರ ಕಳೆಯಿತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಮತ್ತೊಬ್ಬರು. ದನದ ಆಸಾಮಿ! ತನ್ನ ಮೇಲೆ ಏನು ದೂರು ಹೇಳುತ್ತಾನೋ ನೋಡೋಣ ಅಂತ ಬಂದಿದ್ದರಂತೆ. ಆಮೇಲೆ ಪ್ರತಿ ಸೋಮವಾರ ಇಬ್ಬರೂ ಹಾಜರ್. ಮೊದಮೊದಲು ಮುಖ ತಿರುಗಿಸಿ ಕೂರುತ್ತಿದ್ದವರು ಬರಬರುತ್ತಾ ಎಲೆಅಡಿಕೆ ಹಂಚಿಕೊಳ್ಳತೊಡಗಿದರು.

ಒಂದು ಸೋಮವಾರ ಯಜಮಾನರು ಬರಲಿಲ್ಲ. ದನದ ಆಸಾಮಿ ಒಳಗೂ ಹೊರಗೂ ಓಡಾಡಿ ಕೊನೆಗೆ ನನ್ನ ಮೇಜಿನ ಮುಂದೆ ನಿಂತರು. "ಸಾ, ಅವ್ನ್ಯಾಕ್ ಬರ್ನಿಲ್ಲ? ವಸಿ ಪೊಲೀಸ್ನೋರ್ನ ಕಳ್ಸಿ ವಿಚಾರ್ಸಿ. ನಾನೊಬ್ನೇ ಎಷ್ಟೊತ್ತು ಅಂತ ಕುಂತ್ಕಳ್ಳಿ?"

೩. ಠಾಣೆಯ ರೇಷ್ಮೆ ಬೆಳೆ

ಕೊಳ್ಳೇಗಾಲದಲ್ಲಿ ನಾನು ಹೆಡ್ ಕಾನ್‌ಸ್ಟೇಬಲ್. ಕಾಮಗೆರೆ ಕಡೆಯ ಒಬ್ಬ ಹೆಣ್ಣುಮಗಳು ಅಳುತ್ತಾ ಬಂದಳು. ಗಂಡ ತೀರಿಕೊಂಡ ಮೇಲೆ ತಾನೊಬ್ಬಳೇ ಸಾಕಿದ ಮೊದಲ ರೇಷ್ಮೆ ಬೆಳೆಯಂತೆ. "ಎಂಗಸು ಒಬ್ಳೇ ಉಳ ಸಾಕ್ತಾಳಾ" ಅಂತ ಊರೆಲ್ಲ ಆಡಿಕೊಂಡಿತ್ತಂತೆ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೋದಾಗ ನಾಲ್ಕು ತಟ್ಟೆ ಹುಳ ಮಾಯ. ಗೋಡೆಯಾಚೆಯ ಮೈದುನನ ಮನೆಯಲ್ಲಿ ಸಿಕ್ಕವು. ಅವನ ಹುಳವೆಲ್ಲ ರೋಗ ಬಂದು ಸತ್ತಿತ್ತು ಅಂತ ಅವಳು. ಇವು ನನ್ನವೇ ಅಂತ ಅವನು.

ಹುಳದ ಮೇಲೆ ಹೆಸರಿರುತ್ತದೆಯೇ? ಸಾಹೇಬರು ತಟ್ಟೆಗಳನ್ನು ಠಾಣೆಗೆ ತರಿಸಿದರು. ಕೋರ್ಟಿಗೆ ರಜೆ, ಅದು ತೆರೆಯುವವರೆಗೆ ಅವು ನಮ್ಮ ಸುಪರ್ದಿಯಲ್ಲೇ. ಅವಳು ತಟ್ಟೆ ನೋಡಿ ಎದೆ ಬಡಿದುಕೊಂಡಳು. "ಇನ್ ಮೂರ್ ದಿನುಕ್ಕೆ ಹಣ್ಣಾಗಿ ಗೂಡ್ ಕಟ್ಟೋ ಉಳ ಸಾ! ಸೊಪ್ಪು ತಪ್ಪಿದ್ರೆ ಎಲ್ಲಾ ಓಯ್ತವೆ. ಆಮೇಕೆ ಊರಲ್ ನಾ ಯಂಗ್ ತಲೆ ಎತ್ಲಿ?"

"ತೀರ್ಮಾನ ಆಗೋವರೆಗೂ ಇಬ್ಬರೂ ಸೊಪ್ಪು ತಂದು ಹಾಕಿ" ಅಂದರು ಸಾಹೇಬರು.

ಹುಳಗಳು ಲಾಕಪ್ಪು ಸೇರಿದವು. ಗಾಳಿ ಆಡುತ್ತೆ, ಇಲಿ ಇಲ್ಲ ಅಂತ ಅವಳೇ ಆರಿಸಿದ ಜಾಗ. ಅಲ್ಲಿಂದ ಠಾಣೆ ಅವಳ ಕೈಗೆ ಹೋಯಿತು. ಹೊಗೆ ಆಗದು ಅಂತ ನಾವೆಲ್ಲ ಬೀಡಿ ಸೇದಲು ರಸ್ತೆ ದಾಟಬೇಕಾಯಿತು. ಹುಳದ ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣಕ್ಕೆ ಅಡ್ಡವಾಗಿ ಸಾಹೇಬರ ಸೊಳ್ಳೆ ಪರದೆ ಹೋಯಿತು. ಬಾಗಿಲಿಗೆ ಬೇವಿನ ಸೊಪ್ಪು, ಪಕ್ಕದಲ್ಲಿ ಒಂದು ಬಕೆಟ್ ನೀರು. ಕುಡಿದು ಗಲಾಟೆ ಮಾಡಿದವನನ್ನು ಹಿಡಿದು ತಂದರೆ, "ಕಾಲ್ ತೊಳ್ಸಿ ಒಳುಕ್ ಕರ್ಕ ಬನ್ನಿ" ಅನ್ನುವಳು. ಅವನನ್ನು ಎಲ್ಲಿಡುವುದು? ಲಾಕಪ್ಪು ಭರ್ತಿ!

ಮೈದುನನೂ ಹಟಕ್ಕೆ ಬಿದ್ದು ಹೊತ್ತು ಹೊತ್ತಿಗೆ ಸೊಪ್ಪು ತಂದ. ಹುಳ ಹಣ್ಣಾದವು. ಇಬ್ಬರೂ ಜಗಳವಾಡುತ್ತಲೇ ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಗೂಡು ಬಿಡಿಸುವ ದಿನ ಠಾಣೆಯಲ್ಲಿ ಯಾರೂ ಬೀಟಿಗೆ ಹೋಗಲಿಲ್ಲ. ಒಂದೊಂದು ಗೂಡೂ ಗಟ್ಟಿ, ಹೊಳಪು. ನಾನು ಸುಳ್ಳು ಹೇಳುವುದಿಲ್ಲ, ನನಗೆ ಕಣ್ಣು ತುಂಬಿ ಬಂತು. ಮೈದುನನೂ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಮೈಮರೆತ. "ಅತ್ಗೆ, ನಿಮ್ ಉಳ ಏನ್ ಗೂಡ್ ಕಟ್ಟವೆ ಕಣಿ! ನಮ್ ಮನೇಲಿ ಒಂದ್ಸಲಾನೂ ಇಂಗ್ ಕಟ್ನಿಲ್ಲ!"

ಸಾಹೇಬರು ನನ್ನ ಮುಖ ನೋಡಿದರು, ನಾನು ಅವನ ಮುಖ ನೋಡಿದೆ. ಅವನು ಗೂಡು ಕೆಳಗಿಟ್ಟು ತಲೆ ತಗ್ಗಿಸಿದ.

ಕೇಸು ಬೇಡ ಅಂತ ಅವಳೇ ಅಂದಳು. ಮುಚ್ಚಳಿಕೆ ಬರೆಸಿಕೊಂಡು ಕಳಿಸಿದೆವು. ಗೂಡಿನ ಮೂಟೆಯನ್ನು ಅವಳು ತಲೆಯ ಮೇಲೇ ಹೊತ್ತು ಊರ ನಡುವೆ ಹೋದಳಂತೆ.

ಎರಡು ತಿಂಗಳು ಕಳೆದಿರಬೇಕು. ನಾವು ನೆಮ್ಮದಿಯಾಗಿ ಒಳಗೇ ಬೀಡಿ ಹಚ್ಚಿದ್ದೆವು. ಅವಳು ತಲೆಯ ಮೇಲೆ ತಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

"ಏನಮ್ಮಾ, ಮತ್ತೆ ಕಳುವಾಯ್ತಾ?"

"ಇಲ್ಲ ಸಾ. ಇಲ್ ಬೆಳ್ದಂಗೆ ಮನೇಲಿ ಬೆಳ್ಯಾಕಿಲ್ಲ. ಇದೊಂದ್ ಬೆಳೆ ಇಟ್ಕಳಿ."

"ಕಳ್ಳತನ ಆಗದೆ ನಾವು ಇಟ್ಟುಕೊಳ್ಳೋದು ಹೇಗಮ್ಮಾ? ಕಾನೂನು ಅಂತ ಒಂದಿದೆಯಲ್ಲ?"

ಅವಳ ಹಿಂದಿನಿಂದ ಮೈದುನ ಮುಂದೆ ಬಂದ. ಅವನ ತಲೆಯ ಮೇಲೂ ಎರಡು ತಟ್ಟೆ.

"ನಾನೇ ಕದ್ದೆ ಅಂತ ಬರ್ಕಳಿ ಸಾ, ಸೈನ್ ಆಕ್ತೀನಿ. ನಮ್ವೂ ಎರಡ್ ತಟ್ಟೆ ಜೊತೇಲಿ ಅರೆಸ್ಟ್ ಮಾಡ್ಕಳಿ. ಮೊದ್ಲು ಆ ಬೀಡಿ ಆರ್ಸಿ!"