ಎರಡು ಸಾವಿರ ವ್ಯಾಟಿನ ಅಳಿಯ

ಜಂಬುಲಿಂಗಪ್ಪ ಫೋನಿನಲ್ಲಿ ಬಿಟ್ಟದ್ದು ಒಂದೇ ಬುರುಡೆ: "ಮನೆಗೆ ಏಸಿ ಹಾಕ್ಸೀನಿ ಅತ್ತೆ, ಭಾಳ ತಂಪು."

"ಹಂಗಾದ್ರೆ ನಾಳೆ ಸಂಜೆ ಬಸ್ಸಿಗೆ ಬಂದು ನೋಡ್ತೀನಿ," ಅಂದರು ಮೊಳಕಾಲ್ಮೂರಿನ ಅನ್ನಪೂರ್ಣಮ್ಮ. "ತಣ್ಣಗಿಲ್ಲಾಂದ್ರೆ ಶೈಲಜನ್ನ ಮಳೆಗಾಲದವರ್ಗೂ ಕರ್ಕೊಂಡು ಹೋಗ್ತೀನಿ."

ಹೋದ ಬೇಸಿಗೆಯಲ್ಲಿ ಹೆಂಡತಿ ಶೈಲಜಾ ತವರಿಗೆ ಹೋಗಿದ್ದಾಗ ಅವನು ಮಾಡಿದ ಸಾರನ್ನು ಬೀದಿನಾಯಿ ಮೂಸಿ ನೋಡಿ, ಮರ್ಯಾದೆಯಿಂದ ಮುಂದೆ ಹೋಗಿತ್ತು. ಫೋನಿಟ್ಟ ಮರುದಿನ ಬೆಳಗ್ಗೆಯೇ ಅವನು ಶೇಂಗಾ ಅಂಗಡಿಗೆ ಬೀಗ ಹಾಕಿ ಏಸಿ ತಂದ. ಜೋಡಿಸಿದವನು ಹೊರಡುವಾಗ, "ಲೋಡ್ ತಡೀತೈತಾ ನೋಡ್ಕಳ್ರಿ" ಎಂದು ಕಡ್ಡಿ ಗೀರಿ ಹೋದ.

ಕರೆಂಟ್ ಬಿಲ್ಲಿನ ಪ್ರಕಾರ ಮನೆಗೆ ಮಂಜೂರಾದದ್ದು ಎರಡು ಸಾವಿರ ವ್ಯಾಟ್. ಹೆಚ್ಚಿಸಲು ಅರ್ಜಿ ಹಾಕಿದರೆ ಹದಿನೈದು ದಿನ. ಅತ್ತೆಗೆ ಅಷ್ಟು ತಾಳ್ಮೆಯನ್ನು ದೇವರೇ ಮಂಜೂರು ಮಾಡಿರಲಿಲ್ಲ.

ಎದುರುಮನೆಯ ತಿಪ್ಪಯ್ಯ ಕರೆಯದೆಯೇ ಬಂದ. ಮೂವತ್ತು ವರ್ಷ ಚಳ್ಳಕೆರೆಗೆ ನಲ್ಲಿ ನೀರು ಬಿಟ್ಟವನು. ಹಾಗಾಗಿ ಕರೆಂಟಿನಲ್ಲೂ ಪಂಡಿತ.

"ಬರ್ಕಳಲೇ ಜಂಬ. ಏಸಿ ಸಾವಿರದ ಏಳ್ನೂರು. ಮಿಕ್ಸಿ ಏಳ್ನೂರೈವತ್ತು, ನೀರಿನ ಮೋಟ್ರು ಮುನ್ನೂರೆಪ್ಪತ್ತು, ಫ್ರಿಜ್ಜು ಇನ್ನೂರು. ಫ್ಯಾನು, ಟಿವಿ, ಲೈಟು ಸೇರಿ ಮುನ್ನೂರು."

"ಮೂರು ಸಾವಿರದ ಮುನ್ನೂರಿಪ್ಪತ್ತು!"

"ಎಲ್ಲಾ ಒಟ್ಟಿಗೆ ಯಾವನು ಹಾಕ್ತಾನಲೇ? ಮಿಕ್ಸಿ, ಮೋಟ್ರು, ಫ್ರಿಜ್ಜು ಬಂದ್ ಮಾಡು. ಸರಿಯಾಗಿ ಎರಡು ಸಾವಿರ."

ಚೀಟಿ ಗೋಡೆಗೆ ಅಂಟಿತು, ಏಸಿ ಶುರುವಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಬೊಮ್ಮಕ್ಕ ಹಿತ್ತಲ ಬಾಗಿಲಿಂದ ನುಗ್ಗಿ, "ನಮ್ಮ ಮಿಕ್ಸಿ ಕೆಟ್ಟೈತೆ ಕಣೆ ಶೈಲಾ" ಎನ್ನುತ್ತ ಇವರ ಮಿಕ್ಸಿಗೆ ಕಾಯಿ ಹಾಕಿ ತಿರುಗಿಸಿದಳು. ಟಪ್! ಮನೆಯೆಲ್ಲ ಗಪ್‌ಚಿಪ್.

ಜಂಬುಲಿಂಗಪ್ಪ ಮೇನ್ ಸ್ವಿಚ್ ಮೇಲೆತ್ತಿ, ಮಿಕ್ಸಿಯನ್ನು ಕಳ್ಳಮಾಲಿನಂತೆ ಅಟ್ಟದಲ್ಲಿ ಬಚ್ಚಿಟ್ಟ. ಅತ್ತೆ ಬರುವಷ್ಟರಲ್ಲಿ ಮನೆ ತಣ್ಣಗಾಗಬೇಕಲ್ಲ, ಏಸಿ ನಿಲ್ಲಿಸುವಂತಿಲ್ಲ. ಮೋಟರಿಲ್ಲದ್ದಕ್ಕೆ ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಮಾಳಿಗೆಯ ಟ್ಯಾಂಕು ತುಂಬಿಸಿದ. ಮಿಕ್ಸಿಯಿಲ್ಲದ್ದಕ್ಕೆ ಒರಳಲ್ಲಿ ಚಟ್ನಿ ರುಬ್ಬಿದ.

"ಇದೊಂದಿನ ತಾನೇನ್ರಿ," ಎಂದು ಶೈಲಜಾ ಟಿವಿಯಿಂದ ಕಣ್ಣು ಕೀಳದೆ ಸಮಾಧಾನ ಹೇಳಿದಳು.

ಸಂಜೆ ಅನ್ನಪೂರ್ಣಮ್ಮ ಬಂದು ಏಸಿಯ ಕೆಳಗೇ ಕೂತು ರೊಟ್ಟಿ ಮುರಿದರು. "ಅಬ್ಬಾ ಶಿವನೇ, ಏನ್ ತಂಪೈತೆ! ಶೈಲಜನ್ನ ಕರ್ಕೊಂಡು ಹೋಗಲ್ಲ ಬಿಡ್ರಿ."

ಜಂಬುಲಿಂಗಪ್ಪನಿಗೆ ಹೋದ ಜೀವ ಬಂತು.

"ನಾನೇ ಇಲ್ಲಿರ್ತೀನಿ, ಮಳೆಗಾಲದವರ್ಗೂ. ಏಸಿ ಮಾತ್ರ ಒಂದ್ಗಳಿಗೆ ಆರಿಸಬ್ಯಾಡ್ರಿ ಅಳಿಯಂದ್ರೆ." ಅತ್ತೆ ಬೆರಳು ನೆಕ್ಕಿದರು. "ಒರಳಿನ ಚಟ್ನಿ! ದಿನಾ ಇದೇ ಇರ್ಲಿ."

ಕಿಟಕಿಯಲ್ಲಿ ತಿಪ್ಪಯ್ಯನ ತಲೆ ಕಂಡಿತು. "ಲೆಕ್ಕ ಸರಿಹೋತಾ ಜಂಬ?"

ಜಂಬುಲಿಂಗಪ್ಪ ಕ್ಯಾಲೆಂಡರ್ ನೋಡಿದ. ಏಪ್ರಿಲ್ ಮೂರು. ಬಿಂದಿಗೆ ಎತ್ತಿಕೊಂಡ.