ಹಲಗೆಗೋಡೆಯ ಆಚೆ ಈಚೆ

ಮನೆ ಎಂಥದೆಂದು ತಿಳಿಯಬೇಕಾದರೆ ಕಣ್ಣು ಮುಚ್ಚಿಕೊಂಡು ಒಳಗೆ ಹೋಗಬೇಕು ಎಂದು ನಮ್ಮ ಸಾಹೇಬರು ಹೇಳುತ್ತಿದ್ದರು. ಸಾಹೇಬರು ದೊಡ್ಡ ಆರ್ಕಿಟೆಕ್ಟ್. ನಾನು ಅವರ ಆಫೀಸಿನಲ್ಲಿ ನಕ್ಷೆ ಬರೆಯುವವನು. ನೆಲ ಅಂಗಾಲಿಗೆ ತಂಪೆನಿಸಬೇಕು, ಬಾಗಿಲು ಮುಚ್ಚಿದ ಸದ್ದು ಕಿವಿಗೆ ಹಿತವಾಗಿರಬೇಕು, ಅಡುಗೆಯ ವಾಸನೆ ದಿವಾನಖಾನೆಗೆ ಬಂದು ಸುಳಿವು ಕೊಟ್ಟು ಹೋಗಬೇಕೇ ಹೊರತು ಅಲ್ಲೇ ಠಿಕಾಣಿ ಹೂಡಬಾರದು. ಮಲಬಾರ್ ಹಿಲ್ಲಿನ ಸೇಠರಿಗೆ ಹೇಳುವ ಈ ಉಪದೇಶವನ್ನೆಲ್ಲ ಕೇಳಿಸಿಕೊಂಡು ನಾನು ಸಂಜೆ ಲೋಕಲ್ ರೈಲು ಹಿಡಿದು ಪರೇಲಿನ ನಮ್ಮ ಚಾಳಿಗೆ, ಸಾಲು ಕೋಣೆಗಳ ವಠಾರಕ್ಕೆ, ಬರುತ್ತಿದ್ದೆ. ಪಂಚೇಂದ್ರಿಯಗಳಿಗೆ ಕೆಲಸ ಕೊಡುವುದರಲ್ಲಿ ನಮ್ಮ ಚಾಳನ್ನು ಮೀರಿಸುವ ಕಟ್ಟಡವನ್ನು ಸಾಹೇಬರು ಜನ್ಮದಲ್ಲಿ ಕಟ್ಟಿರಲಿಕ್ಕಿಲ್ಲ.

ನಮ್ಮದು ಒಂದೇ ಖೋಲಿ. ಅದರಲ್ಲಿ ಅವ್ವ, ತಂಗಿ ಶಾಂತಾ ಮತ್ತು ನಾನು, ಧಾರವಾಡದಿಂದ ಬಂದು ನೆಲೆಸಿದವರು. ಪಕ್ಕದ ಖೋಲಿಯಲ್ಲಿ ಮಿಲ್ಲಿನ ಕೆಲಸಗಾರರೊಬ್ಬರ ಹೆಂಡತಿ ಲಕ್ಷ್ಮೀಬಾಯಿ. ನಡುವೆ ಇದ್ದದ್ದು ಹಲಗೆಗಳ ಗೋಡೆ. ಹಲಗೆಗಳು ಒಣಗಿ ಒಂದರಿಂದೊಂದು ದೂರ ಸರಿದಿದ್ದವು. ಅವುಗಳ ಸಂದಿನಿಂದ ಅವರ ಕೆಮ್ಮು, ಅವರ ಜಗಳ, ಅವರ ಗಡಿಯಾರದ ಸದ್ದು ನಮ್ಮಲ್ಲಿಗೆ ಬರುತ್ತಿದ್ದವು. ಸಾಲದ್ದಕ್ಕೆ ಸಂಜೆ ಲಕ್ಷ್ಮೀಬಾಯಿ ಒಣಮೀನು ಹುರಿಯುತ್ತಿದ್ದರು. ಆ ವಾಸನೆ ಬಂದ ಕೂಡಲೇ ನಾನು ಕೈಲಿದ್ದ ಚಹಾ ಕೆಳಗಿಟ್ಟು, "ಏನ ನಾತಪಾ ಇದು, ಮೂಗು ಮುಚ್ಚಿಕೋರಿ ಎಲ್ಲಾರೂ!" ಎಂದು ಕೂಗುತ್ತಿದ್ದೆ. ದಿನಾ ಕೂಗುತ್ತಿದ್ದೆ. ಲಕ್ಷ್ಮೀಬಾಯಿಗೆ ಮರಾಠಿ ಬಿಟ್ಟು ಬೇರೆ ಭಾಷೆ ತಿಳಿಯದು ಎಂಬುದೇ ನನ್ನ ಶೌರ್ಯಕ್ಕೆ ಆಧಾರ.

ಇದೆಲ್ಲ ನಗುವ ಮಾತಾಗಿತ್ತು, ಶಾಂತಾಳನ್ನು ನೋಡಲು ಮೊದಲ ಗಂಡಿನ ಕಡೆಯವರು ಬರುವವರೆಗೆ. ಅವರು ಬಂದು ಕೂತರು, ಅವ್ವ ಉಪ್ಪಿಟ್ಟಿನ ತಾಟು ಮುಂದಿಟ್ಟಳು, ಆಚೆಯಿಂದ ಬಾಣಲೆ ಚುರ್ ಎಂದಿತು. ಗಂಡಿನ ತಂದೆ ಹೆಗಲ ಮೇಲಿನ ಉಪರಣೆಯನ್ನು ಮೂಗಿಗೆ ಒತ್ತಿಕೊಂಡರು. ತಾಟು ಮುಟ್ಟದೆಯೇ ಎದ್ದು ಹೋದರು. ಶಾಂತಾ ಉಟ್ಟಿದ್ದ ಇಳಕಲ್ ಸೀರೆಯನ್ನು ಬಿಚ್ಚಿ ಮಡಚಿ ಪೆಟ್ಟಿಗೆಗೆ ಹಾಕಿದಳು. ನನಗೆ ಸಂಕಟವಾಯಿತು. ತಂದೆಯಿಲ್ಲದ ಹುಡುಗಿ, ಅವಳ ಸಂಸಾರ ಒಂದು ಮೀನಿನ ವಾಸನೆಗೆ ಹಾಳಾಗಬೇಕೇ?

ಮುಂದೆ ಬೆಳಗಾವಿಯ ಕಡೆಯವರ ಸಂಬಂಧ ಬಂತು. ಒಳ್ಳೆಯ ಹುಡುಗ, ಬ್ಯಾಂಕಿನಲ್ಲಿ ನೌಕರಿ. ತಾಯಿಗೆ ಮಾತ್ರ ಹಾಡು ಬರುವ ಸೊಸೆಯೇ ಬೇಕಂತೆ. ಶಾಂತಾಳಿಗೆ ಬರುತ್ತಿದ್ದುದು ಒಂದೇ ಒಂದು ದೇವರನಾಮ. ಅದನ್ನೇ ಅವಳು ಹಗಲೆಲ್ಲ ಹಲಗೆಗೋಡೆಗೆ ಬೆನ್ನು ಕೊಟ್ಟು ಹಾಡಿದಳು, ಮತ್ತೆ ಹಾಡಿದಳು. ಅವರು ಬರುವುದು ರವಿವಾರ. ರವಿವಾರವೆಂದರೆ ನಮ್ಮ ಚಾಳಿನಲ್ಲಿ ಹಗಲಿಗೂ ಮೀನಿನ ದಿನ. "ಲಕ್ಷ್ಮೀಬಾಯಿಗೆ ಒಂದು ಮಾತು ಹೇಳಿ ಬಾರೋ" ಎಂದಳು ಅವ್ವ. ಆರ್ಕಿಟೆಕ್ಟರ ಆಫೀಸಿನವನು ಬಾಯಿಬಿಟ್ಟು ಬೇಡಿಕೊಳ್ಳುವುದೇ? ಆಫೀಸಿನಿಂದ ರದ್ದಾದ ನಕ್ಷೆಗಳನ್ನು ತಂದೆ. ಮೈದಾ ಅಂಟು ಕುದಿಸಿ ಸಂದುಗಳಿಗೆಲ್ಲ ಹಚ್ಚಿದೆ. ಅದರ ಮೇಲೆ ಗೋಣಿತಾಟು ಹೊಡೆದೆ, ಅದರ ಮೇಲೆ ಮತ್ತೆ ನಕ್ಷೆ. ಗೋಡೆಯ ತುಂಬ ಸೇಠರ ಬಂಗಲೆಗಳು ಎದ್ದು ನಿಂತವು. ವೆಂಕಟರಮಣನ ಪಟದ ಹಿಂದಿನ ಸಂದಿಗೆ ಮಾತ್ರ ಅಂಟು ಹಚ್ಚಲು ಅವ್ವ ಬಿಡಲಿಲ್ಲ.

ರವಿವಾರ ಬಂತು. ಹುಡುಗ, ಅವನ ತಂದೆ, ತಾಯಿ ಚಾಪೆಯ ಮೇಲೆ ಕೂತರು. ನನ್ನ ಜೀವವೆಲ್ಲ ಮೂಗಿನ ತುದಿಯಲ್ಲಿತ್ತು. ಮೀನಿನ ವಾಸನೆ ಇನ್ನೂ ಇಲ್ಲ. ಇನ್ನೇನು ಬಂತು ಎಂದು ಕಾಯುತ್ತಿದ್ದೆ. ವಾಸನೆ ಬರಲಿಲ್ಲ, ಆದರೆ ಗಾಳಿಯೂ ಬರಲಿಲ್ಲ. ಹುಡುಗನ ತಂದೆಯ ಟೋಪಿಯ ಅಡಿಯಿಂದ ಬೆವರು ಇಳಿಯತೊಡಗಿತು. ಅವ್ವ ಬೀಸಣಿಗೆ ಕೊಟ್ಟಳು. "ಒಂದು ಹಾಡು ಹೇಳವ್ವಾ" ಎಂದರು ಹುಡುಗನ ತಾಯಿ.

ಶಾಂತಾ ಸುರು ಮಾಡಿದಳು. ಪಲ್ಲವಿ ಮುಗಿಯುವಷ್ಟರಲ್ಲಿ ಅವಳ ಮುಖ ಬಿಳಿಚಿತು. ದಿನಾ ಅವಳ ದನಿಯನ್ನು ಗುಂಯ್ ಎಂದು ಹಿಂದಿರುಗಿಸುತ್ತಿದ್ದ ಹಲಗೆಗಳು ಈಗ ಗೋಣಿಯ ಅಡಿಯಲ್ಲಿ ಸತ್ತುಬಿದ್ದಿದ್ದವು. ತನ್ನ ದನಿ ತನಗೇ ಪರಕೀಯವಾಗಿ ಕೇಳಿ ಹುಡುಗಿ ಬೆದರಿದಳು. ಮುಂದಿನ ಸಾಲು ಮರೆತೇಹೋಯಿತು. ಅವ್ವನಿಗೆ ಹಾಡು ಬಾರದು, ನನಗಂತೂ ಕೇಳಬೇಡಿ. ಹುಡುಗನ ತಂದೆ ಬೀಸಣಿಗೆ ನಿಲ್ಲಿಸಿದರು. ಶಾಂತಾಳ ಕಣ್ಣಲ್ಲಿ ನೀರು. ಮುಗಿಯಿತು, ಇದೂ ಹೋಯಿತು ಎಂದುಕೊಂಡೆ. ನನ್ನನ್ನೇ ನಾನು ಶಪಿಸಿಕೊಂಡೆ.

ಆಗ ವೆಂಕಟರಮಣನ ಪಟ ಹಾಡಿತು. ಸಣ್ಣ ದನಿ, ಮರಾಠಿಯ ವಾಸನೆ ಹೊಡೆಯುವ ಕನ್ನಡ, ಆದರೆ ಸಾಲು ಸರಿ, ರಾಗ ಸರಿ. ಶಾಂತಾ ಬೆಚ್ಚಿದಳು, ಸಾಲು ಹಿಡಿದಳು, ಹಿಡಿದದ್ದನ್ನು ಕೊನೆಯವರೆಗೂ ಬಿಡಲಿಲ್ಲ. ನಾನು ತಲೆ ಎತ್ತಲಾರದೆ ಕೂತಿದ್ದೆ. ಹುಡುಗನ ತಾಯಿ ಪಟವನ್ನೊಮ್ಮೆ, ಗೋಡೆಯ ಬಂಗಲೆಗಳನ್ನೊಮ್ಮೆ ನೋಡಿ ನಕ್ಕರು. "ಆಜೂಬಾಜೂದವರಿಗೂ ಬಾಯಿಪಾಠ ಆಗೋ ಹಂಗ ಕಲತೀ ಅಂದ್ರ ಹಾಡಿನ ಮ್ಯಾಲೆ ನಿನಗ ಖರೇನ ಪ್ರೀತಿ ಅದ. ಹೆದರಬ್ಯಾಡ, ಗ್ವಾಡೀನ ನಿನ್ನ ಬೆನ್ನಿಗೆ ನಿಂತದ" ಎಂದು ಶಿರಾದ ತಾಟು ಹತ್ತಿರ ಎಳೆದುಕೊಂಡರು. ಸಂಬಂಧ ಕೂಡಿತು.

ಸಂಜೆ ನಾಚಿಕೆ ಬಿಟ್ಟು ಲಕ್ಷ್ಮೀಬಾಯಿಯ ಬಾಗಿಲಿಗೆ ಹೋದೆ. ಬೆಳಗ್ಗೆ ರವೆ ಹುರಿದ ತುಪ್ಪದ ವಾಸನೆ ಬಂದಾಗಲೇ ಹೆಣ್ಣು ನೋಡುವವರು ಬರುತ್ತಾರೆಂದು ತಿಳಿಯಿತು, ಅದಕ್ಕೇ ಇವತ್ತು ಬರೀ ಅನ್ನ ಸಾರು ಮಾಡಿದೆ ಎಂದು ಮರಾಠಿಯಲ್ಲಿ ಹೇಳಿದರು. ಅಷ್ಟರಲ್ಲಿ ಅವರು, "ಭಾವು, ನಿಮ್ಮದೂ ಒಂದು ಹಾಡು ನನಗೆ ಬರುತ್ತದೆ, ಸಂಜೆ ಹೇಳುತ್ತೀರಲ್ಲ, ಅದು" ಎಂದವರೇ ನನ್ನದೇ ಏರಿಳಿತದಲ್ಲಿ, "ಏನ ನಾತಪಾ ಇದು, ಮೂಗು ಮುಚ್ಚಿಕೋರಿ ಎಲ್ಲಾರೂ!" ಎಂದರು. ಹಾಗೆಂದರೆ ಏನು ಅರ್ಥ ಎಂದು ಕೇಳಿದರು. "ಆಹಾ, ಏನು ಪರಿಮಳ, ಬಾಯಲ್ಲಿ ನೀರೂರುತ್ತದೆ ಅಂತ" ಎಂದುಬಿಟ್ಟೆ. ಅವರ ಮುಖ ಅರಳಿತು.

ಗೋಣಿತಾಟು ಅಂದೇ ಕಿತ್ತೆ. ಮುಂದೆ ನಮ್ಮ ಖೋಲಿಯಲ್ಲೇ ನಿಶ್ಚಿತಾರ್ಥವಾಯಿತು. ಲಕ್ಷ್ಮೀಬಾಯಿಗೆ ಮೊದಲ ಮರ್ಯಾದೆ. ಬೀಗರ ಪಂಕ್ತಿಯಲ್ಲೇ ಎಲೆ. ಅವ್ವ ಬಿಸಿ ಬಿಸಿ ಹೋಳಿಗೆಯ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಘಮ ಎದ್ದಿತು. ಲಕ್ಷ್ಮೀಬಾಯಿ ಕಣ್ಣು ಮುಚ್ಚಿ, ಉಸಿರೆಳೆದು, ಬೀಗರಿಗೆಲ್ಲ ಕೇಳುವಂತೆ ಪ್ರೀತಿಯಿಂದ ನನ್ನ ಹಾಡು ಹೇಳಿದರು.

ಪಂಕ್ತಿಯಲ್ಲಿ ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಶಾಂತಾಳ ಅತ್ತೆ ಮಾತ್ರ ತುಟಿಯಂಚಿನಲ್ಲಿ ನಗು ತಡೆದುಕೊಂಡು ಮರಾಠಿಯಲ್ಲಿ ಕೇಳಿದರು: "ಇಷ್ಟು ಚೆಂದದ ಕನ್ನಡ ನಿಮಗೆ ಯಾರು ಕಲಿಸಿದರು, ಬಾಯಿಯವರೇ?"

ಲಕ್ಷ್ಮೀಬಾಯಿ ತುಂಬು ಅಭಿಮಾನದಿಂದ ನನ್ನ ಕಡೆ ಕೈ ತೋರಿಸಿದರು.