ಮಾನಿಟರಿಗಿಲ್ಲದ ಯುಪಿಎಸ್

ಬೆರಳು ತೋರಿಸದೆ ಪಾಠ ಮಾಡುವುದು ನನಗೆ ಬಾರದು. ಕೊಪ್ಪದಲ್ಲಿ ಕಂಪ್ಯೂಟರ್ ನಿರ್ವಹಣೆಯ ತರಗತಿ ಶುರುವಾದಾಗ, ಕಣ್ಣು ಕಾಣದ ಶಾರದೆಯ ಪಕ್ಕದಲ್ಲೇ ನಿಂತು, "ನೋಡಮ್ಮ, ಇಲ್ಲಿ ಒತ್ತು" ಎಂದು ಪರದೆಗೆ ಬೆರಳಿಟ್ಟವನು ನಾನು. "ಇಲ್ಲಿ ಅಂದ್ರೆ ಎಲ್ಲಿ ಸರ್?" ಎಂದು ಅವಳು ನಕ್ಕಳು. ಅವಳ ಜೊತೆಗಿದ್ದ ಭಂಡಿಗಡಿಯ ಪ್ರಕಾಶನಿಗೆ ಕಣ್ಣೇನೋ ಚೆನ್ನಾಗಿತ್ತು. ಓದಲು ಹೊರಟರೆ ಅಕ್ಷರಗಳು ಜಾಗ ಬದಲಿಸುತ್ತಿದ್ದವು. ಡಿಸ್‌ಲೆಕ್ಸಿಯಾ ಎಂಬ ಹೆಸರು ತಿಳಿಯುವವರೆಗೆ ಶಾಲೆಯಲ್ಲಿ ಅವನನ್ನು ಸೋಮಾರಿ ಎನ್ನುತ್ತಿದ್ದರಂತೆ. ಪರದೆಯ ಮೇಲಿದ್ದುದನ್ನು ಕಂಪ್ಯೂಟರೇ ಇಬ್ಬರ ಕಿವಿಗೂ ಓದಿ ಹೇಳುತ್ತಿತ್ತು. ಹಾಗೆ ಕೇಳಿಸಿಕೊಂಡೇ ಹೊಸ ಬಳಕೆದಾರರನ್ನು ಸೇರಿಸುವುದು, ಅಳಿಸಿಹೋದ ಫೈಲು ವಾಪಸ್ ತರುವುದು ಎಲ್ಲ ಕಲಿತರು. ನನ್ನ ಬೆರಳಿಗೆ ಕೆಲಸವಿಲ್ಲದಂತಾಯಿತು.

ಕೊನೆಯ ಪರೀಕ್ಷೆಯ ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಬಡಕಲು ಯುಪಿಎಸ್‌ಗೆ ಭಾರವಾದೀತೆಂದು ಕಂಪ್ಯೂಟರುಗಳನ್ನಷ್ಟೇ ಅದಕ್ಕೆ ಜೋಡಿಸಿ, ಮಾನಿಟರುಗಳನ್ನು ನಾನೇ ತಪ್ಪಿಸಿಟ್ಟಿದ್ದೆ. ಪರದೆಗಳು ಕಪ್ಪಾದವು. ಪರೀಕ್ಷಕರು ಪೆನ್ನಿಗೆ ಮುಚ್ಚಳ ಹಾಕಿದರು. "ಕಾಣದೆ ಮಾರ್ಕ್ಸ್ ಕೊಡೋದು ಹ್ಯಾಗೆ ಮಾರಾಯ್ರೆ? ಮುಂದಿನ ತಿಂಗಳು ನೋಡುವ." ಸೋಮವಾರ ಬಾಳೆಹೊನ್ನೂರಿನ ಕಚೇರಿಯೊಂದರಲ್ಲಿ ಶಾರದೆಗೆ ಸಂದರ್ಶನವಿತ್ತು. ಸರ್ಟಿಫಿಕೇಟ್ ಇಲ್ಲದೆ ಬರಬೇಡಿ ಎಂದಿದ್ದರು.

ಕೀಲಿಗಳ ಟಕಟಕ ಸದ್ದು ಮಾತ್ರ ನಿಂತಿರಲಿಲ್ಲ. "ಕರೆಂಟು ಹೋಯ್ತಲ್ಲೇ" ಎಂದೆ.

"ಯುಪಿಎಸ್ ಕೂಗಿದ್ದು ಕೇಳ್ತು ಸರ್. ಇದು ಮಾತಾಡ್ತಾನೇ ಉಂಟಲ್ಲ, ನಿಲ್ಸೋದು ಎಂತಕ್ಕೆ?" ಎಂದ ಶಾರದೆ, ಕೆಲಸ ಮುಗಿಸಿ ಹೆಡ್‌ಫೋನನ್ನು ಪರೀಕ್ಷಕರತ್ತ ಚಾಚಿದಳು.

ಅವರು ಕಿವಿಗಿಟ್ಟುಕೊಂಡು ಕಕ್ಕಾಬಿಕ್ಕಿಯಾದರು. "ಇದು ಯಾವ ಭಾಷೆ?"

"ಇಂಗ್ಲಿಷೇ ಸರ್, ನಾವು ಕೇಳೋ ಸ್ಪೀಡು ಜಾಸ್ತಿ. ಇರಿ, ನಿಮಗೆ ನಿಧಾನ ಮಾಡಿ ಕೊಡ್ತೇನೆ."

ಪರೀಕ್ಷಕರು ಕಣ್ಣು ಮುಚ್ಚಿ ಕೇಳತೊಡಗಿದರು. ಸೇರಿಸಿದ ಹೆಸರುಗಳು ಒಂದೊಂದಾಗಿ ಬಂದವು. ಕಳೆದ ಫೈಲೂ ಬಂತು. ಪ್ರಕಾಶನದ್ದನ್ನೂ ಹಾಗೆಯೇ ಕೇಳಿದರು. ನನ್ನ ಪಾಲಿಗೆ ಸತ್ತುಹೋಗಿದ್ದ ಯಂತ್ರದೊಳಗೆ ಇವರಿಬ್ಬರೂ ತಮ್ಮ ಮನೆಯಲ್ಲಿ ಓಡಾಡಿದಂತೆ ಓಡಾಡಿ ಬಂದಿದ್ದರು. ಪೆನ್ನಿನ ಮುಚ್ಚಳ ತೆರೆಯಿತು, ಸರ್ಟಿಫಿಕೇಟಿಗೆ ಸಹಿ ಬಿತ್ತು.

ನನಗೂ ಆಸೆಯಾಗಿ ಹೆಡ್‌ಫೋನ್ ಹಾಕಿಕೊಂಡೆ. "ಮೇಲಿಂದ ಮೂರನೇ ಫೈಲು ತೆಗೀರಿ ಸರ್" ಎಂದಳು ಶಾರದೆ. ನಾನು ಆ ಕಪ್ಪು ಪರದೆಯ ಮೇಲೆ ಬೆರಳಾಡಿಸುತ್ತ ಕುಳಿತೆ.

"ಇನ್ನೂ ನಿಧಾನ ಮಾಡ್ಲಾ ಸರ್?"

"ಇನ್ನು ನಿಧಾನ ಮಾಡಿದ್ರೆ ಅದು ನಿಂತೇ ಹೋಗ್ತದೆ" ಎಂದ ಪ್ರಕಾಶ.